ಸಾರಸ್ ವಿಮಾನ

ಸಾರಸ್ ವಿಮಾನವನ್ನು ರೂಪಿಸಿದ್ದು ಎನ್‌ಎಎಲ್ ಎಂದೇ ಪರಿಚಿತವಾಗಿರುವ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ. ಎರಡು ಟರ್ಬೊಪ್ರಾಪ್ ಎಂಜಿನ್‌ಗಳ, 14 ಆಸನಗಳ ಈ ಹಗುರ ವಿಮಾನಕ್ಕೆ ಸಾರಸ ಪಕ್ಷಿಯ ಹೆಸರನ್ನೇ ಇಟ್ಟರು. ಅಧಿಕಾರಿಗಳ ಮತ್ತು ಉದ್ಯಮಿಗಳ ಓಡಾಟ, ಸಣ್ಣ ಊರುಗಳ ಸಂಪರ್ಕ, ಆಂಬುಲೆನ್ಸ್ ಸೇವೆ ಎಲ್ಲಕ್ಕೂ ಒದಗಲಿ ಎಂಬುದು ಉದ್ದೇಶ.

1991ರಲ್ಲಿ ರಷ್ಯದ ಮ್ಯಾಸಿಶ್ಚೆವ್ ಸಂಸ್ಥೆಯ ಜೊತೆಗೂಡಿ ಕೆಲಸ ಆರಂಭವಾಯಿತು. ಹಣದ ಮುಗ್ಗಟ್ಟಿನಿಂದ ರಷ್ಯ ಹಿಂದೆ ಸರಿಯಿತು. 1998ರ ಪೋಖ್ರಾನ್ ಪರೀಕ್ಷೆಯ ನಂತರ ಅಮೆರಿಕ ಹೇರಿದ ನಿರ್ಬಂಧವೂ ಅಡ್ಡ ಬಂತು. 1999ರ ಸೆಪ್ಟೆಂಬರ್‌ನಲ್ಲಿ ಸರ್ಕಾರದ ಮಂಜೂರಾತಿ ದೊರೆತ ಮೇಲೆಯೇ ಕೆಲಸ ಚುರುಕಾದದ್ದು.

ಸಾರಸ್‌ನ ವಿಶೇಷ ಕಾಣುವುದು ಹಿಂಭಾಗದಲ್ಲಿ. ಲಿಯರ್‌ಜೆಟ್‌ನಂಥ ಬಿಸಿನೆಸ್ ಜೆಟ್‌ಗಳಂತೆ ಇದರ ಎಂಜಿನ್‌ಗಳೂ ರೆಕ್ಕೆಯ ಮೇಲಿಲ್ಲ. ಬಾಲದ ಬಳಿ, ಒಡಲಿನ ಎರಡೂ ಬದಿಗೆ ಚಾಚಿದ ಗಿಡ್ಡ ಆಸರೆಗಳ ಮೇಲಿವೆ. ಪ್ರೊಪೆಲರ್‌ಗಳು ಹಿಂದಕ್ಕೆ ಮುಖಮಾಡಿ ವಿಮಾನವನ್ನು ಮುಂದಕ್ಕೆ ತಳ್ಳುತ್ತವೆ. ಇದರಿಂದ ಸದ್ದು ಪ್ರಯಾಣಿಕರ ಬೆನ್ನ ಹಿಂದೆ ಉಳಿಯುತ್ತದೆ. ರೆಕ್ಕೆಯ ಮೇಲಿನ ಗಾಳಿಯ ಹರಿವೂ ಕದಡುವುದಿಲ್ಲ. ಆದರೆ ಆಸರೆಗಳನ್ನು ಸವರಿ ಬಂದ ಕದಡಿದ ಗಾಳಿಯಲ್ಲೇ ಪ್ರೊಪೆಲರ್ ತಿರುಗಬೇಕು. ಕಷ್ಟದ ದಾರಿಯೇ ಸರಿ. ಆದರೂ ಆರಿಸಿಕೊಂಡದ್ದು ಸರಿಯಾದ ದಾರಿ ಎಂದೇ ಹೇಳಬೇಕು.

ನಿಜವಾದ ತೊಡಕು ತೂಕದ್ದು. ಖಾಲಿ ವಿಮಾನ 4,125 ಕಿಲೊ ಇರಬೇಕೆಂದು ಲೆಕ್ಕ ಹಾಕಿದ್ದರೂ ಮೊದಲ ಮಾದರಿ 5,118 ಕಿಲೊ ತೂಗಿತು. ಅದು 2004ರ ಮೇ 29ರಂದು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಿಂದ ಹಾರಿತು. 2007ರ ಏಪ್ರಿಲ್‌ನಲ್ಲಿ ಹಾರಿದ ಎರಡನೆಯ ಮಾದರಿಗೆ 850ರ ಬದಲು 1,200 ಅಶ್ವಶಕ್ತಿಯ ಎಂಜಿನ್‌ಗಳನ್ನು ಜೋಡಿಸಿದ್ದರು.

2009ರ ಮಾರ್ಚ್ 6ರಂದು ಈ ಎರಡನೆಯ ಮಾದರಿ ಬಿಡದಿ ಸಮೀಪ ಬಿದ್ದಿತು. ಆಕಾಶದಲ್ಲೇ ಒಂದು ಎಂಜಿನ್ ನಿಲ್ಲಿಸಿ ಮತ್ತೆ ಚಾಲೂ ಮಾಡುವ ಪರೀಕ್ಷೆ ಅಂದು ನಡೆದಿತ್ತು. ವಾಯುಪಡೆಯ ವಿಂಗ್ ಕಮಾಂಡರ್‌ಗಳಾದ ಪ್ರವೀಣ್ ಕೋಟೆಕೊಪ್ಪ ಮತ್ತು ದೀಪೇಶ್ ಶಾ, ಸ್ಕ್ವಾಡ್ರನ್ ಲೀಡರ್ ಇಳಯರಾಜ ಪ್ರಾಣ ಕಳೆದುಕೊಂಡರು. ಎಂಜಿನ್ ಮರುಚಾಲನೆಗೆ ರೂಪಿಸಿದ ಕ್ರಮವೇ ತಪ್ಪಾಗಿತ್ತು ಎಂದು ತನಿಖೆ ಹೇಳಿತು. ಸಾರಸ್‌ನ ಕಥೆ ಬರೆಯುವವರು ಈ ಮೂವರ ಹೆಸರನ್ನು ಬಿಡುವಂತಿಲ್ಲ.

ದುರಂತದ ಬಳಿಕ ಯೋಜನೆ ವರ್ಷಗಟ್ಟಲೆ ಮೂಲೆ ಸೇರಿತು. ಮೊದಲ ಮಾದರಿಗೇ 1,200 ಅಶ್ವಶಕ್ತಿಯ ಎಂಜಿನ್ ಕೂರಿಸಿ ಸುಧಾರಿಸಿದ ವಿಮಾನ 2018ರ ಜನವರಿ 24ರಂದು ಮತ್ತೆ ಬೆಂಗಳೂರಿನ ಆಕಾಶಕ್ಕೇರಿತು. ಮುಂದಿನ ಆವೃತ್ತಿಯಾದ ಸಾರಸ್ ಮಾರ್ಕ್ 2 ವಿಮಾನವನ್ನು 19 ಆಸನಗಳಿಗೆ ಯೋಜಿಸಲಾಗಿದೆ.