ಪೂರ್ಣ ವಿಚಾರಣೆಗೆ ಮುನ್ನವೇ ಬೀಳುವ ಕಾರ್ಮಿಕರ ಅರ್ಜಿಗಳು

ಕೂಡ್ಲಿಗಿ: ಕೆಲಸದಿಂದ ವಜಾಗೊಂಡ ಕಾರ್ಮಿಕನು ಹೂಡುವ ದಾವೆಯು ಎಲ್ಲ ಸಂದರ್ಭಗಳಲ್ಲೂ ವಜಾ ಆದೇಶದ ಸರಿ-ತಪ್ಪಿನ ಮೇಲೆ ತೀರ್ಮಾನವಾಗುವುದಿಲ್ಲ. ಸಾಕ್ಷಿಗಳ ವಿಚಾರಣೆ ಆರಂಭವಾಗುವ ಮೊದಲೇ ಆಡಳಿತ ವರ್ಗವು ಪ್ರಾಥಮಿಕ ಆಕ್ಷೇಪಣೆ ಎತ್ತಿ, ಅರ್ಜಿಯೇ ಊರ್ಜಿತವಲ್ಲ ಎಂದು ವಾದಿಸುವುದುಂಟು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಹಾಗೂ ಹರಪನಹಳ್ಳಿಯಂತಹ ತಾಲ್ಲೂಕುಗಳ ನೌಕರರು ಈ ಹಂತದಲ್ಲಿ ಎಡವದಂತೆ ಮೂರು ಪ್ರಶ್ನೆಗಳನ್ನು ಮೊದಲೇ ಅರಿತಿರಬೇಕು.

ಒಂದು, ಅರ್ಜಿದಾರನು ಕಾನೂನಿನ ಅರ್ಥದಲ್ಲಿ ಕಾರ್ಮಿಕನೇ? ಸಾರಿಗೆ ಘಟಕದ ನಿರ್ವಾಹಕ ಕಾರ್ಮಿಕನೆನಿಸುತ್ತಾನೆ. ಆದರೆ ಶಿಕ್ಷಕರು ಈ ವ್ಯಾಖ್ಯೆಗೆ ಒಳಪಡುವುದಿಲ್ಲವೆಂದು ಸುಪ್ರೀಂ ಕೋರ್ಟ್ 1988ರಲ್ಲಿ ತೀರ್ಪಿತ್ತಿದೆ. ರಾಜ್ಯ ಶಿಕ್ಷಣ ಕಾಯ್ದೆಯ ವ್ಯಾಪ್ತಿಯ ಖಾಸಗಿ ಶಾಲೆಯ ಶಿಕ್ಷಕರು ವಜಾ ಆದೇಶದ ವಿರುದ್ಧ ಮೂರು ತಿಂಗಳೊಳಗೆ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬೇಕು.

ಎರಡು, ಕಾಲಮಿತಿ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯಂತೆ ನೇರ ಅರ್ಜಿಗೆ ಆರು ತಿಂಗಳ ಅವಧಿಯಿತ್ತು. 2010ರ ಕೇಂದ್ರ ತಿದ್ದುಪಡಿಯು ಮೂರು ವರ್ಷಗಳ ಅವಕಾಶ ನೀಡಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಇದು ಎರಡು ವರ್ಷ. ಹಳೆಯ ಮೂರು ವರ್ಷಗಳ ಲೆಕ್ಕ ಹಿಡಿದು ಕುಳಿತವರು ಹಕ್ಕನ್ನೇ ಕಳೆದುಕೊಳ್ಳಬಹುದು.

ಮೂರು, ಸಂಧಾನ. ಮೊದಲು ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಗೆ ಅರ್ಜಿ ಸಲ್ಲಿಸಬೇಕು. ವಿವಾದ ಬಗೆಹರಿಯದೆ 45 ದಿನ ಕಳೆದ ನಂತರವೇ ನೇರವಾಗಿ ನ್ಯಾಯಮಂಡಳಿಯ ಮೆಟ್ಟಿಲೇರಬಹುದು. ಅರ್ಜಿ ಸ್ವೀಕರಿಸಿದ ದಿನಾಂಕದ ಮೊಹರು ಇರುವ ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಳ್ಳುವುದು ಒಳಿತು.

ಹಾಗೆಂದು ಪ್ರತಿಯೊಂದು ಆಕ್ಷೇಪಣೆಯನ್ನೂ ಪ್ರತ್ಯೇಕವಾಗಿ ವಿಚಾರಿಸುತ್ತ ಪ್ರಕರಣವನ್ನು ಎಳೆಯಲು ಕಾನೂನು ಒಪ್ಪುವುದಿಲ್ಲ. 1983ರ ಡಿ.ಪಿ. ಮಹೇಶ್ವರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ನ್ಯಾಯಮಂಡಳಿಗಳು ಎಲ್ಲ ವಿವಾದಾಂಶಗಳನ್ನೂ ಒಟ್ಟಿಗೆ ತೀರ್ಮಾನಿಸಬೇಕೆಂದು ಸೂಚಿಸಿತು. ಪ್ರಾಥಮಿಕ ಪ್ರಶ್ನೆಯೊಂದೇ ಉನ್ನತ ನ್ಯಾಯಾಲಯಗಳವರೆಗೆ ಅಲೆದು ಬರುವಷ್ಟರಲ್ಲಿ ಬಡ ಕಾರ್ಮಿಕನು ಬಸವಳಿಯುತ್ತಾನೆ ಎಂಬುದು ಅದರ ಕಳಕಳಿಯಾಗಿತ್ತು.

ಇದಕ್ಕೆ ಮುಖ್ಯ ಅಪವಾದವೆಂದರೆ ಸಂಸ್ಥೆಯು ನಡೆಸಿದ ಆಂತರಿಕ ವಿಚಾರಣೆ ನ್ಯಾಯಯುತವೇ ಎಂಬ ಪ್ರಶ್ನೆ. ಇದನ್ನು ಮೊದಲು ತೀರ್ಮಾನಿಸುವ ಪದ್ಧತಿಗೆ 1975ರಲ್ಲೇ ಸುಪ್ರೀಂ ಕೋರ್ಟಿನ ಮನ್ನಣೆ ದೊರೆತಿದೆ. ಆದರೆ ವಿಚಾರಣೆ ಸಕ್ರಮವೆಂದು ಕಂಡುಬಂದ ಮಾತ್ರಕ್ಕೆ ಅರ್ಜಿ ಬಿದ್ದುಹೋಗುವುದಿಲ್ಲ. ತಪ್ಪಿಗೆ ಮೀರಿದ ಶಿಕ್ಷೆಯನ್ನು ಇಳಿಸುವ ಅಧಿಕಾರ ಉಳಿದೇ ಇರುತ್ತದೆ. ವಿಚಾರಣೆ ಲೋಪಯುಕ್ತವೆಂದಾದರೆ ಹೊಸದಾಗಿ ಸಾಕ್ಷ್ಯ ಒದಗಿಸಲು ಬಯಸುವ ಆಡಳಿತ ವರ್ಗವು ಆ ಕೋರಿಕೆಯನ್ನು ತನ್ನ ಲಿಖಿತ ಹೇಳಿಕೆಯಲ್ಲೇ ಮುಂದಿಡಬೇಕೆಂದು 2001ರಲ್ಲಿ ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮದ ಪ್ರಕರಣದಲ್ಲಿ ಸಂವಿಧಾನ ಪೀಠ ತಿಳಿಸಿತು.

ನೇಮಕಾತಿ ಪತ್ರ, ವೇತನ ಚೀಟಿ, ವಜಾ ಆದೇಶ ಹಾಗೂ ಸಂಧಾನ ಅರ್ಜಿಯ ಪ್ರತಿ, ಈ ನಾಲ್ಕು ಕಾಗದಗಳು ಕೈಯಲ್ಲಿದ್ದರೆ ಮೂರೂ ಪ್ರಶ್ನೆಗಳಿಗೆ ಉತ್ತರಿಸುವುದು ಸುಲಭ.