ಕೀಲಿಕೈ ಯಾರ ಹತ್ತಿರ ಇರಬೇಕು?

"ಸಾಹೇಬ್ರ, ನೀವು ಬಿ.ಕಾಂ ಓದಿದವರು. ಡೆಬಿಟ್ಟು ಕ್ರೆಡಿಟ್ಟು ನೋಡಿಕೊಂಡು ಇರೋದು ಬಿಟ್ಟು ಈ ಲಿನಕ್ಸ್ ಉಸಾಬರಿ ನಿಮಗ್ಯಾಕೆ?" ಅಂತ ಇಲ್ಲಿ ಪುಣೆಯ ಕನ್ನಡ ಗೆಳೆಯರು ಆಗಾಗ ಕೇಳುತ್ತಾರೆ. ಕೇಳುವವರಲ್ಲಿ ಅರ್ಧ ಜನ ಹಿಂಜವಡಿಯ ಐಟಿ ಕಂಪನಿಗಳಲ್ಲಿ ಇರುವವರು. ತಂತ್ರದ ವಿಷಯ ಅವರಿಗೆ ಗೊತ್ತಿರುವುದರಲ್ಲಿ ಕಾಲು ಭಾಗವೂ ನನಗೆ ಗೊತ್ತಿಲ್ಲ. ಆದರೆ ನನ್ನ ಮಟ್ಟಿಗೆ ಇದು ಕಂಪ್ಯೂಟರಿನ ವಿಷಯಕ್ಕಿಂತ ಹೆಚ್ಚಾಗಿ ಬ್ಯಾಂಕಿನ ವಿಷಯ. ಹೇಗೆ ಅಂತೀರಾ? ಸ್ವಲ್ಪ ಇತಿಹಾಸ ನೋಡೋಣ ಬನ್ನಿ.

ಬ್ಯಾಂಕಿನ ಪರೀಕ್ಷೆಗೆ ಓದಿದವರಿಗೆಲ್ಲ ಟೂರ್ನಿಯರ್ ಕೇಸು ನೆನಪಿರುತ್ತದೆ. ಇಂಗ್ಲೆಂಡಿನದು, 1924ರದು. ಟೂರ್ನಿಯರ್ ಎಂಬ ಗ್ರಾಹಕನೊಬ್ಬ ನ್ಯಾಷನಲ್ ಪ್ರಾವಿನ್ಶಿಯಲ್ ಬ್ಯಾಂಕಿನಲ್ಲಿ ಓವರ್‌ಡ್ರಾಫ್ಟ್ ತೆಗೆದಿದ್ದ, ಹೇಳಿದ ಹಾಗೆ ಕಟ್ಟಿರಲಿಲ್ಲ. ಮ್ಯಾನೇಜರು ಅವನು ಕೆಲಸ ಮಾಡುವ ಕಂಪನಿಗೆ ಫೋನು ಮಾಡಿದರು. ಸಾಲದ ವಿಷಯ ಹೇಳಿದ್ದಲ್ಲದೆ, ಇವನ ದುಡ್ಡು ಜೂಜಿನವರ ಕೈಗೆ ಹೋಗುತ್ತಿರುವ ಹಾಗಿದೆ ಅಂತಲೂ ಹೇಳಿಬಿಟ್ಟರು. ಅವನ ನೌಕರಿ ಹೋಯಿತು. ಗ್ರಾಹಕನ ಗುಟ್ಟು ಕಾಯುವುದು ಬ್ಯಾಂಕಿನ ಕರಾರಿನ ಭಾಗ, ಕಾಗದದಲ್ಲಿ ಬರೆದಿರದಿದ್ದರೂ ಸರಿ ಅಂತ ಕೋರ್ಟು ಹೇಳಿತು. ಅದಕ್ಕೆ ನಾಲ್ಕೇ ವಿನಾಯಿತಿ: ಕಾನೂನಿನ ಒತ್ತಾಯ, ಸಾರ್ವಜನಿಕ ಕರ್ತವ್ಯ, ಬ್ಯಾಂಕಿನ ಸ್ವಂತ ಹಿತರಕ್ಷಣೆ, ಗ್ರಾಹಕನ ಒಪ್ಪಿಗೆ. ನಮ್ಮಲ್ಲಿ ರಾಷ್ಟ್ರೀಕರಣದ 1970ರ ಕಾಯ್ದೆಯ 13ನೇ ಕಲಮು ಹೇಳುವುದೂ ಇದನ್ನೇ. ಕೆಲಸಕ್ಕೆ ಸೇರುವಾಗ "ನಿಷ್ಠೆ ಮತ್ತು ಗೋಪ್ಯತೆ"ಯ ಘೋಷಣೆಗೆ ಸಹಿ ಮಾಡದೆ ನಾವ್ಯಾರೂ ಕೌಂಟರಿನ ಆ ಕಡೆ ಕೂತವರಲ್ಲ.

ಇನ್ನು ಲಾಕರ್ ನೋಡಿ. ಎರಡು ಕೀಲಿಕೈ. ಬ್ಯಾಂಕಿನ ಮಾಸ್ಟರ್ ಕೀ ಹಾಕಿ ತಿರುಗಿಸಿದರೂ ನಿಮ್ಮ ಕೀಲಿಕೈ ಇಲ್ಲದೆ ಅದು ತೆಗೆಯುವುದಿಲ್ಲ. ಒಳಗೆ ಚಿನ್ನ ಇದೆಯೋ ಹಳೇ ಪತ್ರ ಇದೆಯೋ ನಮಗೆ ಗೊತ್ತಿರುವುದಿಲ್ಲ, ಗೊತ್ತಿರಲೂ ಬಾರದು.

ಈಗ ಮನೆಯ ಕಂಪ್ಯೂಟರಿಗೆ ಬನ್ನಿ. ಅದರೊಳಗೆ ನಿಮ್ಮ ಪತ್ರ, ಫೋಟೋ, ಆಸ್ಪತ್ರೆಯ ರಿಪೋರ್ಟು, ತೆರಿಗೆಯ ಲೆಕ್ಕ ಎಲ್ಲ ಇವೆ. ಆದರೆ ಅದರ ತಂತ್ರಾಂಶ ಒಳಗೊಳಗೆ ಏನು ಮಾಡುತ್ತದೆ, ಯಾರಿಗೆ ಏನು ಕಳಿಸುತ್ತದೆ ಅಂತ ನಿಮಗೆ ನೋಡಲು ಬರುವುದಿಲ್ಲ. ಎರಡೂ ಕೀಲಿಕೈ ಲಾಕರ್ ಮಾಡಿದವನ ಹತ್ತಿರ! 2009ರ ಜುಲೈನಲ್ಲಿ ಅಮೆಜಾನ್ ಕಂಪನಿ, ಜನ ದುಡ್ಡು ಕೊಟ್ಟು ಕೊಂಡಿದ್ದ ಜಾರ್ಜ್ ಆರ್ವೆಲ್‌ನ ಪುಸ್ತಕಗಳನ್ನು ಅವರ ಕಿಂಡಲ್‌ಗಳಿಂದ ದೂರದಲ್ಲೇ ಕೂತು ಅಳಿಸಿಹಾಕಿತು. ಮಾರಿದವರಿಗೆ ಹಕ್ಕು ಇರಲಿಲ್ಲವಂತೆ. ಹಣ ವಾಪಸು ಕೊಟ್ಟರು, ಸರಿ. ಆದರೆ ಪುಸ್ತಕದಂಗಡಿಯವನು ರಾತ್ರಿ ನಿಮ್ಮ ಮನೆಗೆ ಬಂದು ಕಪಾಟಿನಿಂದ ಪುಸ್ತಕ ಒಯ್ದು, ಟೇಬಲ್ ಮೇಲೆ ದುಡ್ಡು ಇಟ್ಟು ಹೋದರೆ ಸುಮ್ಮನಿರುತ್ತೀರಾ?

ಈ ಪ್ರಶ್ನೆಯನ್ನು ಮೊದಲು ಗಟ್ಟಿಯಾಗಿ ಎತ್ತಿದವನು ರಿಚರ್ಡ್ ಸ್ಟಾಲ್ಮನ್. ಅಮೆರಿಕದ ಎಂಐಟಿಯಲ್ಲಿ ಇದ್ದವನು. 1980ರ ಸುಮಾರಿಗೆ ಅವನ ಪ್ರಯೋಗಾಲಯಕ್ಕೆ ಝೆರಾಕ್ಸ್ ಕಂಪನಿಯ ಹೊಸ ಪ್ರಿಂಟರ್ ಬಂತು. ಹಳೆಯ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ ಎಲ್ಲರಿಗೂ ಸುದ್ದಿ ಹೋಗುವಂತೆ ಇವರೇ ತಿದ್ದಿಕೊಂಡಿದ್ದರು. ಹೊಸದರ ಸೋರ್ಸ್ ಕೋಡ್ ಕೊಡಲಿಲ್ಲ, ಹಾಗಾಗಿ ತಿದ್ದಲಾಗಲಿಲ್ಲ. ಅದು ಇದ್ದವರೊಬ್ಬರನ್ನು ಕೇಳಿದರೆ "ಯಾರಿಗೂ ಕೊಡುವುದಿಲ್ಲ ಅಂತ ಸಹಿ ಮಾಡಿದ್ದೇನೆ" ಅಂದರು. ಸಣ್ಣ ವಿಷಯ. ಆದರೆ ಅದು ಅವನ ತಲೆಯಲ್ಲಿ ಕೂತುಬಿಟ್ಟಿತು. 1983ರ ಸೆಪ್ಟೆಂಬರ್ 27ರಂದು ಗ್ನೂ ಯೋಜನೆ ಘೋಷಿಸಿದ. ಮೊದಲಿನಿಂದ ಕೊನೆಯವರೆಗೆ ಬಳಸುವವನ ಕೈಯಲ್ಲೇ ಇರುವ ಒಂದು ಪೂರ್ತಿ ವ್ಯವಸ್ಥೆ ಕಟ್ಟಬೇಕು ಅಂತ. 1985ರಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್, 1989ರಲ್ಲಿ ಜಿಪಿಎಲ್ ಪರವಾನಗಿ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಲಿನಕ್ಸ್ ಎಂಬ ಕರ್ನೆಲ್ ಬರೆದು, ಮರುವರ್ಷ ಅದನ್ನು ಜಿಪಿಎಲ್ ಅಡಿಯಲ್ಲಿ ತಂದ. ಕಟ್ಟಡಕ್ಕೆ ಕೊನೆಯ ಕಲ್ಲು ಸಿಕ್ಕಿತು.

ಸ್ಟಾಲ್ಮನ್ ಹೇಳುವುದು ನಾಲ್ಕು ಸ್ವಾತಂತ್ರ್ಯ. ಬೇಕಾದ ಕೆಲಸಕ್ಕೆ ಬಳಸು. ಒಳಗೆ ನೋಡಿ ಕಲಿ, ತಿದ್ದಿಕೋ. ಪಕ್ಕದವನಿಗೆ ಪ್ರತಿ ಕೊಡು. ತಿದ್ದಿದ್ದನ್ನೂ ಹಂಚು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಲೆಜರ್ ಪುಸ್ತಕ ಯಾವಾಗಲೂ ಆಡಿಟಿಗೆ ತೆರೆದಿರಬೇಕು, ಅಷ್ಟೇ. "ಮುಕ್ತ" ಅಂದರೆ ಪುಕ್ಕಟೆ ಅಲ್ಲ ಅನ್ನುವುದನ್ನು ಮಾತ್ರ ಮರೆಯಬೇಡಿ. 1998ರಲ್ಲಿ ಶೇಷಾದ್ರಿವಾಸು ಅವರು "ಬರಹ" ಕೊಟ್ಟಾಗ ಹೊರನಾಡ ಕನ್ನಡಿಗರಿಗೆ ಆದ ಸಂತೋಷ ನಿಮಗೂ ನೆನಪಿರಬಹುದು. ಎಷ್ಟೋ ವರ್ಷ ಹಣವಿಲ್ಲದೆ ಸಿಕ್ಕಿತು, ಆಮೇಲೆ ಬೆಲೆ ಬಂತು. ಅದು ಅವರ ಹಕ್ಕು, ಅವರ ಉಪಕಾರ ಸಣ್ಣದಲ್ಲ. ಆದರೆ ಪುಕ್ಕಟೆ ಎನ್ನುವುದು ಕೊಡುವವರ ಮರ್ಜಿ, ಮುಕ್ತ ಎನ್ನುವುದು ಬಳಸುವವನ ಹಕ್ಕು. ಎರಡೂ ಬೇರೆ ಬೇರೆ.

ಇನ್ನು ಈ ಕಥೆಯಲ್ಲಿ ನಮ್ಮ ಪುಣೆಯ ಪಾಲು ಏನು? ಬಹಳ ಇದೆ!

ಅಮೆರಿಕ ಸೂಪರ್‌ಕಂಪ್ಯೂಟರ್ ಕೊಡಲು ಸತಾಯಿಸಿದಾಗ 1988ರಲ್ಲಿ ಇಲ್ಲಿ ಸಿ-ಡ್ಯಾಕ್ ಶುರುವಾಯಿತು. ವಿಜಯ ಭಟ್ಕರ್ ಮುಂದಾಳತ್ವದಲ್ಲಿ 1991ಕ್ಕೆ ಪರಮ್ 8000 ಬಂತು. ಪೇಪರಿನಲ್ಲಿ ಅದರದೇ ಸುದ್ದಿ. ಆದರೆ ಅದೇ ಸಂಸ್ಥೆಯಲ್ಲಿ ಸದ್ದಿಲ್ಲದೆ ಇನ್ನೊಂದು ಕೆಲಸ ನಡೆದಿತ್ತು. ಐಐಟಿ ಕಾನ್ಪುರದಲ್ಲಿ ಹುಟ್ಟಿದ ಜಿಸ್ಟ್ ಎಂಬ ಭಾರತೀಯ ಲಿಪಿಗಳ ತಂತ್ರ ಇಲ್ಲಿಗೆ ಬಂದು ಬೆಳೆಯಿತು. ನಮ್ಮ ಎಲ್ಲ ಲಿಪಿಗಳಿಗೂ ಒಂದೇ ಚೌಕಟ್ಟು ಕೊಡುವ ಇಸ್ಕಿ ಸಂಕೇತ 1991ರಲ್ಲಿ ಭಾರತದ ಮಾನಕವಾಯಿತು. ಅದೇ ವರ್ಷ ಬಂದ ಯೂನಿಕೋಡ್ ಮೊದಲ ಆವೃತ್ತಿ, ಭಾರತೀಯ ಲಿಪಿಗಳಿಗೆ ಇಸ್ಕಿಯ 1988ರ ರೂಪವನ್ನೇ ಆಧಾರ ಮಾಡಿಕೊಂಡಿತು. ಅಂದರೆ ಇವತ್ತು ನೀವು ಮೊಬೈಲಿನಲ್ಲಿ "ಕ" ಒತ್ತಿದಾಗ ಅದಕ್ಕೆ ಸಿಗುವ ಜಾಗದ ಹಿಂದೆ ಇಸ್ಕಿಯ ಲೆಕ್ಕ ಇದೆ.

ಆದರೆ ಮಾನಕ ಇದ್ದರೂ ಜನ ಬಳಸಿದ್ದು ಬೇರೆ. 90ರ ದಶಕದ ಡಿಟಿಪಿ ಅಂಗಡಿಗಳಲ್ಲಿ ಓಡುತ್ತಿದ್ದದ್ದು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕು ಚಿತ್ರ ಕೂರಿಸಿದ ಫಾಂಟುಗಳು. ಒಂದೊಂದು ಕಂಪನಿಯದು ಒಂದೊಂದು ಲೆಕ್ಕ. ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ಕಸ.

ಇದರ ಬಿಸಿ ನಮ್ಮ ಮನೆಗೂ ತಟ್ಟಿತು. ನಮ್ಮೂರು ಕೃಷ್ಣೆಯ ದಂಡೆಯಲ್ಲಿ ಇತ್ತು. ಆಲಮಟ್ಟಿ ಹಿನ್ನೀರಿಗೆ ಹೋಯಿತು. ನೀರು ಬರುವ ಮೊದಲು ನಮ್ಮ ಅಪ್ಪ ಯಾವ ಓಣಿಯಲ್ಲಿ ಯಾರ ಮನೆ, ಯಾವ ಹೊಲದ ಹೆಸರೇನು, ಜಾತ್ರೆಯಲ್ಲಿ ಯಾರ ಮನೆಯಿಂದ ಏನು ಬರುತ್ತಿತ್ತು ಅಂತೆಲ್ಲ ಬರೆದಿಟ್ಟಿದ್ದರು. 1999ರಲ್ಲಿ ಅದನ್ನು ಒಂದು ಡಿಟಿಪಿ ಅಂಗಡಿಯಲ್ಲಿ ಟೈಪು ಮಾಡಿಸಿದರು. ಆ ತಂತ್ರಾಂಶಕ್ಕೆ ಹಾರ್ಡ್‌ವೇರ್ ಲಾಕ್ ಬೇರೆ. ಕಂಪ್ಯೂಟರಿನ ಹಿಂದೆ ಆ ಡಬ್ಬಿ ಚುಚ್ಚದಿದ್ದರೆ ಅದು ಏಳುತ್ತಲೇ ಇರಲಿಲ್ಲ. ಮುಂದೆ ಅಂಗಡಿ ಮುಚ್ಚಿತು, ತಂತ್ರಾಂಶ ಮಾಡಿದವರೂ ಬಾಗಿಲು ಹಾಕಿದರು, ಕೈಬರಹದ ನೋಟುಬುಕ್ಕಿಗೆ ಗೆದ್ದಲು ಹತ್ತಿತು. ಅಪ್ಪ ತೀರಿಕೊಂಡ ಮೇಲೆ ನಮ್ಮ ಕೈಯಲ್ಲಿ ಉಳಿದದ್ದು ಒಂದು ಫೈಲು. ತೆಗೆದರೆ ಪುಟಗಟ್ಟಲೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆ. ಊರು ನೀರಿನೊಳಗೆ, ಊರಿನ ಲೆಕ್ಕ ಫಾಂಟಿನೊಳಗೆ!

ಅದು ಹೊರಗೆ ಬಂದದ್ದು ಮುಕ್ತ ತಂತ್ರಾಂಶದಿಂದ. ಹಳೆಯ ಫಾಂಟುಗಳ ಬರಹವನ್ನು ಯೂನಿಕೋಡಿಗೆ ತರುವ ಸಣ್ಣ ಪರಿವರ್ತಕವೊಂದು ಸಿಕ್ಕಿತು. ಅದಕ್ಕೆ ನಮ್ಮ ಫಾಂಟು ಗೊತ್ತಿರಲಿಲ್ಲ. ಆದರೆ ಸೋರ್ಸ್ ಕೋಡ್ ತೆರೆದಿತ್ತು. ನಮ್ಮ ಬ್ರ್ಯಾಂಚಿನ ಸಹೋದ್ಯೋಗಿಯೊಬ್ಬರ ಮಗಳು, ಇಂಜಿನಿಯರಿಂಗ್ ಓದುತ್ತಿದ್ದ ಮರಾಠಿ ಹುಡುಗಿ, ಎರಡು ರವಿವಾರ ಕೂತು ಅದರ ಅಕ್ಷರ ಕೋಷ್ಟಕ ತಿದ್ದಿದಳು. "ಕಾಕಾ, ಹೇ ಕಾಯ್ ಆಹೇ?" ಅಂತ ಒಂದೊಂದು ಚಿಹ್ನೆ ತೋರಿಸುವುದು, ನಾನು ಇದು ಒತ್ತಕ್ಷರ, ಇದು ದೀರ್ಘ ಅಂತ ಹೇಳುವುದು. ಬಹಳ ಕಾಡಿದ್ದು ಅರ್ಕಾವತ್ತು. ಹಳೆಯ ಫಾಂಟಿನಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು. "ಧರ್ಮ" ಸರಿ ಬರುವ ಹೊತ್ತಿಗೆ ಸಾಕಾಯಿತು. ಆದರೆ ಬಂತು. ಕನ್ನಡ ಓದಲು ಬಾರದ ಹುಡುಗಿ ನಮ್ಮಪ್ಪನ ಊರನ್ನು ನೀರಿನಿಂದ ಎತ್ತಿಕೊಟ್ಟಳು. "ಒಳಗೆ ನೋಡಿ ತಿದ್ದಿಕೋ" ಎಂಬ ಸ್ವಾತಂತ್ರ್ಯ ಪ್ರೋಗ್ರಾಮರುಗಳಿಗೆ ಮಾತ್ರ ಅಂತ ಯಾರಾದರೂ ಅಂದರೆ ನಾನು ಇದನ್ನೇ ಹೇಳುತ್ತೇನೆ. ನನಗೆ ತಿದ್ದಲು ಬರಬೇಕಾಗಿಲ್ಲ, ತಿದ್ದಬಲ್ಲವರನ್ನು ಕರೆಯುವ ಹಕ್ಕು ನನಗೆ ಇದ್ದರೆ ಸಾಕು.

ಇಂಥ ಹಕ್ಕನ್ನು ಕನ್ನಡಕ್ಕೆ ಕಟ್ಟಿಕೊಟ್ಟವರು ಹಲವರು. ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಇಂಗ್ಲಿಷಿನ 26 ಕೀಲಿಗಳಲ್ಲೇ ಇಡೀ ಕನ್ನಡ ಬರೆಯುವ ಕೀಲಿಮಣೆ ವಿನ್ಯಾಸ ಮಾಡಿ ಸಾರ್ವಜನಿಕ ಬಳಕೆಗೆ ಬಿಟ್ಟುಕೊಟ್ಟರು. ನುಡಿಯಲ್ಲಿ ಇರುವುದು ಅದೇ ಜಾಡು, ಇವತ್ತು ಲಿನಕ್ಸಿನಲ್ಲೂ ಸಿಗುತ್ತದೆ. 2004ರಲ್ಲಿ ರೆಡ್ ಹ್ಯಾಟ್ ಕಂಪನಿ ಭಾರತೀಯ ಭಾಷೆಗಳಿಗೆ "ಲೋಹಿತ್" ಫಾಂಟುಗಳನ್ನು ಜಿಪಿಎಲ್ ಅಡಿಯಲ್ಲಿ ಕೊಟ್ಟಿತು. ಲೋಹಿತ ಅಂದರೆ ಕೆಂಪು, ಕಂಪನಿಯ ಟೋಪಿಯ ಬಣ್ಣ! ಅವುಗಳನ್ನು ತಿದ್ದಿ ಬೆಳೆಸಿದ್ದು ಇಲ್ಲೇ ಪುಣೆಯ ಅವರ ಕಚೇರಿಯಲ್ಲಿ. ಕನ್ನಡದ ಅನುವಾದದ ಕೆಲಸವೂ ಇಲ್ಲಿ ನಡೆಯಿತು. ನನ್ನ ಹಾಗೆ ಹೊಟ್ಟೆಪಾಡಿಗೆ ಬಂದ ಕನ್ನಡಿಗರಿಗೆ ಇದು ಹೆಮ್ಮೆಯ ವಿಷಯ ಹೌದಲ್ಲ? ಮುಂದೆ ಅರವಿಂದ ವಿ.ಕೆ. ಅವರಂಥವರ ಶ್ರಮದಿಂದ "ಗುಬ್ಬಿ", "ನವಿಲು" ಎಂಬ ಮುಕ್ತ ಕನ್ನಡ ಫಾಂಟುಗಳೂ ಬಂದವು. ಮಾಡೆಲ್ ಕಾಲನಿಯ ಸಿಂಬಯಾಸಿಸ್ ಕಾಲೇಜಿನಲ್ಲಿ ಪುಣೆ ಲಿನಕ್ಸ್ ಬಳಕೆದಾರರ ಗುಂಪಿನವರು ಸೇರಿ ನಡೆಸುತ್ತಿದ್ದ "ಗ್ನೂನಿಫೈ" ಸಮ್ಮೇಳನಕ್ಕೆ ಹೋದವರಿಗೆ ಆ ಕಾಲದ ಹುರುಪು ಗೊತ್ತು.

ಈಗ ಗೋಪ್ಯತೆಯ ಮಾತು. ಇದರಲ್ಲೂ ದೊಡ್ಡ ಹೆಸರು ಕನ್ನಡ ನಾಡಿನದೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, 86ರ ಆಸುಪಾಸಿನ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಗೋಪ್ಯತೆ ಮೂಲಭೂತ ಹಕ್ಕು ಎಂದಿತು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು, ತೀರ್ಪು ಅವರ ಹೆಸರಿನಲ್ಲೇ ಉಳಿದಿದೆ. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಗೆ ಕಾಯ್ದೆಯೂ ಬಂತು. ಆದರೆ ಕಾಯ್ದೆ ಕೆಲಸ ಮಾಡುವುದು ಕಳ್ಳತನ ಆದ ಮೇಲೆ. ಬಾಗಿಲಿಗೆ ಬೀಗ ನಾವೇ ಹಾಕಬೇಕು. ಮುಕ್ತ ವ್ಯವಸ್ಥೆಯಲ್ಲಿ ಡಿಸ್ಕನ್ನು ಪೂರ್ತಿ ಗೂಢಲಿಪಿಯಲ್ಲಿ ಇಡಬಹುದು, ಲ್ಯಾಪ್‌ಟಾಪ್ ಕಳೆದರೂ ಒಳಗಿನದು ಕದ್ದವನಿಗೆ ಸಿಗುವುದಿಲ್ಲ. 1999ರಲ್ಲಿ ಪೂರ್ಣಗೊಂಡು ಬಂದ ಗ್ನೂ ಪ್ರೈವೆಸಿ ಗಾರ್ಡ್‌ನಿಂದ ಪತ್ರಕ್ಕೆ ಅರಗು ಹಚ್ಚಿ ಮುದ್ರೆ ಒತ್ತಿದ ಹಾಗೆ ಕಳಿಸಬಹುದು. ಇಲ್ಲಿ ಕೀಲಿಕೈ ನಿಮ್ಮ ಹತ್ತಿರ ಮಾತ್ರ.

ಹಾಗಂತ ಇದು ಸರ್ವರೋಗಕ್ಕೂ ಮದ್ದು ಅಂತ ನಾನು ಹೇಳುವುದಿಲ್ಲ. ಲಿನಕ್ಸ್ ಹಾಕಿಕೊಂಡು, ಎಲ್ಲ ಫೋಟೋಗಳನ್ನೂ ಬೇರೆಯವರ ಸರ್ವರಿನಲ್ಲಿ ಇಟ್ಟರೆ ಏನು ಬಂತು? ಪುಸ್ತಕ ತೆರೆದಿದ್ದ ಮಾತ್ರಕ್ಕೆ ಆಡಿಟ್ ಆದ ಹಾಗೂ ಅಲ್ಲ. ಹಾರ್ಟ್‌ಬ್ಲೀಡ್ ಎಂಬ ದೋಷ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಎರಡು ವರ್ಷ ಎಲ್ಲರ ಕಣ್ಣ ಮುಂದೆಯೇ ಇತ್ತು, ಗೊತ್ತಾದದ್ದು 2014ರಲ್ಲಿ. 2024ರ ಮಾರ್ಚ್‌ನಲ್ಲಿ ಇನ್ನೂ ಗಂಭೀರ. ಎಕ್ಸ್‌ಝೆಡ್ ಎಂಬ ಸಣ್ಣ ತಂತ್ರಾಂಶಕ್ಕೆ, ವರ್ಷಗಟ್ಟಲೆ ನಂಬಿಕೆ ಗಳಿಸಿದ ಒಬ್ಬ ಅನಾಮಿಕ ಕಳ್ಳಬಾಗಿಲು ಸೇರಿಸಿದ್ದ. ಹಿಡಿದದ್ದು ಆಂದ್ರೆಸ್ ಫ್ರೋಯಿಂಡ್ ಎಂಬ ಇಂಜಿನಿಯರ್. ಹೇಗೆ? ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ತಗಲುತ್ತಿದೆಯಲ್ಲ ಅಂತ ಬೆನ್ನು ಹತ್ತಿ. ಡೇ ಬುಕ್ಕಿನಲ್ಲಿ ಹತ್ತು ಪೈಸೆ ವ್ಯತ್ಯಾಸ ಬಂದರೆ ರಾತ್ರಿ ಒಂಬತ್ತರವರೆಗೆ ಕೂತು ಹುಡುಕುತ್ತಿದ್ದ ನಮ್ಮ ಹಳೆಯ ಅಕೌಂಟೆಂಟರು ನೆನಪಾದರು. ಹತ್ತು ಪೈಸೆಯ ಹಿಂದೆ ಹತ್ತು ಸಾವಿರ ಇರುತ್ತದೆ ಅನ್ನುತ್ತಿದ್ದರು. ಪುಸ್ತಕ ಮುಚ್ಚಿಟ್ಟಿದ್ದರೆ ಫ್ರೋಯಿಂಡ್ ಅನುಮಾನ ಪಡಬಹುದಿತ್ತು, ಪತ್ತೆ ಹಚ್ಚುವುದು ಕಷ್ಟವಿತ್ತು.

ಊರು ಬಿಟ್ಟು ಬಂದ ನಮ್ಮಂಥವರಿಗೆ ಇದು ಇನ್ನೂ ಹತ್ತಿರದ ವಿಷಯ. ಊರಿನಲ್ಲಿ ಇದ್ದವರಿಗೆ ಕನ್ನಡ ಗಾಳಿಯಲ್ಲೇ ಇದೆ. ನಮ್ಮ ಕನ್ನಡ ಬಹುಪಾಲು ಪರದೆಯ ಮೇಲೆ ಇದೆ: ಅಮ್ಮನ ಅಡುಗೆಯ ಪಟ್ಟಿ, ಅಜ್ಜನ ವಂಶಾವಳಿ, ಸಂಘದ ಸ್ಮರಣ ಸಂಚಿಕೆ. ಇಡೀ ಕಂಪ್ಯೂಟರನ್ನು ಇವತ್ತೇ ಬದಲಿಸಿ ಅಂತ ನಾನು ಹೇಳುತ್ತಿಲ್ಲ. ಮನೆಯಲ್ಲಿ ಹಳೆಯ ಸಿ.ಡಿ., ಫ್ಲಾಪಿ ಇದ್ದರೆ ಹುಡುಕಿ ತೆಗೆಯಿರಿ. ಓದಲು ಬರುವಷ್ಟರಲ್ಲೇ ಯೂನಿಕೋಡಿಗೆ ತನ್ನಿ. ಲಿಬ್ರೆ ಆಫೀಸಿನಂಥ ಮುಕ್ತ ತಂತ್ರಾಂಶದಲ್ಲಿ, 2006ರಿಂದ ಅಂತರರಾಷ್ಟ್ರೀಯ ಮಾನಕವಾಗಿರುವ ಓಪನ್ ಡಾಕ್ಯುಮೆಂಟ್ ರೂಪದಲ್ಲಿ ಉಳಿಸಿ. ಒಂದು ಪ್ರತಿ ತಮ್ಮನ ಮನೆಯಲ್ಲೂ ಇರಲಿ.

ಅವಸರವಿಲ್ಲ. ಈ ರವಿವಾರ ಒಂದೇ ಒಂದು ಫೈಲು. ಏನಂತೀರಿ?