ದೂರದ ರೋಗಿ, ಕ್ಲೌಡ್‌ನ ದತ್ತಾಂಶ: ಆರೋಗ್ಯ ನಿಗಾ ವ್ಯವಸ್ಥೆಯ ವಿಕಾಸ

ಆಸ್ಪತ್ರೆಯ ಹೊರಗಿರುವ ರೋಗಿಯ ಹೃದಯಬಡಿತ, ರಕ್ತದೊತ್ತಡ, ರಕ್ತದ ಆಮ್ಲಜನಕ, ಸಕ್ಕರೆಯ ಪ್ರಮಾಣ ಮುಂತಾದವುಗಳನ್ನು ಸಂವೇದಕಗಳಿಂದ ಅಳೆದು, ಆ ಮಾಹಿತಿಯನ್ನು ವೈದ್ಯರಿಗೆ ತಲುಪಿಸುವ ಏರ್ಪಾಡನ್ನು ದೂರ ನಿಗಾ ವ್ಯವಸ್ಥೆ ಎನ್ನುತ್ತಾರೆ. ಶತಮಾನವನ್ನು ದಾಟಿದ ಇದರ ಚರಿತ್ರೆಯಲ್ಲಿ ಸಂಶೋಧಕರ ಮುಂದಿದ್ದ ಪ್ರಧಾನ ಪ್ರಶ್ನೆ ಎರಡು ಬಾರಿ ಬದಲಾಗಿದೆ. ಸಂಕೇತವನ್ನು ದೂರಕ್ಕೆ ಕಳುಹಿಸುವುದು ಹೇಗೆ ಎಂಬುದು ಮೊದಲ ಪ್ರಶ್ನೆಯಾಗಿತ್ತು. ರಾಶಿ ಬೀಳುವ ದತ್ತಾಂಶವನ್ನು ಎಲ್ಲಿ ಇಡುವುದು ಎಂಬುದು ಅನಂತರ ಬಂದಿತು. ಹಾಗೆ ಇಟ್ಟುಕೊಂಡವರನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದು ಇಂದಿನ ಪ್ರಶ್ನೆಯಾಗಿದೆ.

ಮೊದಲ ಪ್ರಶ್ನೆಗೆ ಉತ್ತರ ಬಹಳ ಬೇಗ ದೊರೆಯಿತು. ನೆದರ್ಲೆಂಡ್ಸ್‌ನ ಲೈಡನ್ ನಗರದಲ್ಲಿ ವಿಲೆಮ್ ಐಂಥೋವನ್ 1905ರಲ್ಲಿಯೇ ಆಸ್ಪತ್ರೆಯ ರೋಗಿಯ ಹೃದಯದ ವಿದ್ಯುತ್ ಸಂಕೇತವನ್ನು ದೂರವಾಣಿ ತಂತಿಯ ಮೂಲಕ ಸುಮಾರು ಒಂದೂವರೆ ಕಿಲೋಮೀಟರ್ ದೂರದ ತನ್ನ ಪ್ರಯೋಗಾಲಯಕ್ಕೆ ತರಿಸಿಕೊಂಡು ದಾಖಲಿಸಿದನು. ಅಮೆರಿಕದ ನಾರ್ಮನ್ ಹೋಲ್ಟರ್ 1940ರ ದಶಕದ ಕೊನೆಯಲ್ಲಿ ರೇಡಿಯೊ ಮೂಲಕ ಇಸಿಜಿ ಕಳುಹಿಸುವ ಸಾಧನವನ್ನು ರೂಪಿಸಿದಾಗ ಅದನ್ನು ಹೊರುವವನ ಬೆನ್ನಿನ ಮೇಲೆ ಸುಮಾರು 38 ಕಿಲೋ ಭಾರವಿರುತ್ತಿತ್ತು. 1961ರಿಂದ ನಾಸಾದ ಮರ್ಕ್ಯುರಿ ಯಾನಗಳಲ್ಲಿ ಗಗನಯಾತ್ರಿಗಳ ನಾಡಿ ಮತ್ತು ಉಸಿರಾಟವನ್ನು ಭೂಮಿಯಿಂದಲೇ ಗಮನಿಸಲಾಯಿತು. ಈ ಘಟ್ಟದಲ್ಲಿ ಸಂಪರ್ಕದ ಎರಡೂ ತುದಿಗಳು ಒಂದೇ ಸಂಸ್ಥೆಯ ಹಿಡಿತದಲ್ಲಿದ್ದುದರಿಂದ ಭದ್ರತೆಯು ಪ್ರತ್ಯೇಕ ಸಮಸ್ಯೆಯಾಗಿ ಕಾಣಿಸಲಿಲ್ಲ.

ದತ್ತಾಂಶದ ಗಾತ್ರ ಈ ಸ್ಥಿತಿಯನ್ನು ಬದಲಿಸಿತು. ಒಬ್ಬ ರೋಗಿಯ ಇಸಿಜಿಯನ್ನು ಸೆಕೆಂಡಿಗೆ 250 ಬಾರಿ ಅಳೆದರೆ ಒಂದೇ ದಿನದಲ್ಲಿ 2 ಕೋಟಿ 16 ಲಕ್ಷ ಅಳತೆಗಳು ಸೇರುತ್ತವೆ. ಇಂತಹ ಸಾವಿರಾರು ರೋಗಿಗಳ ದಾಖಲೆಯನ್ನು ಇಡಲು ಬೇಕಾದ ಸರ್ವರ್‌ಗಳನ್ನು ಕೊಂಡು ನಿರ್ವಹಿಸುವುದು ಬಹುತೇಕ ಆಸ್ಪತ್ರೆಗಳಿಗೆ ಸಾಧ್ಯವಿಲ್ಲ. 2006ರಲ್ಲಿ ಅಮೆಜಾನ್ ಕಂಪನಿಯು ಸಂಗ್ರಹಣೆ ಮತ್ತು ಗಣನೆಯ ಸಾಮರ್ಥ್ಯವನ್ನು ಬಳಸಿದಷ್ಟಕ್ಕೆ ಮಾತ್ರ ಬಾಡಿಗೆ ಪಡೆದು ಒದಗಿಸತೊಡಗಿತು. ಜಾಲದ ಮೂಲಕ, ಬೇಕಾದಾಗ ಬೇಕಾದಷ್ಟು ಪಡೆದು ಬೇಡವಾದಾಗ ಬಿಟ್ಟುಕೊಡಬಹುದಾದ ಈ ಹಂಚಿಕೆಯ ವ್ಯವಸ್ಥೆಗೆ, ಅಂದರೆ ಕ್ಲೌಡ್ ಕಂಪ್ಯೂಟಿಂಗ್‌ಗೆ, ಅಮೆರಿಕದ ಮಾನಕ ಸಂಸ್ಥೆಯಾದ ನಿಸ್ಟ್ 2011ರಲ್ಲಿ ಅಧಿಕೃತ ವ್ಯಾಖ್ಯೆ ನೀಡಿತು. ಅದಕ್ಕೆ ಒಂದು ವರ್ಷ ಮೊದಲು ಬಂದ, ಕಡಿಮೆ ವಿದ್ಯುತ್ತಿನಲ್ಲಿ ಕೆಲಸ ಮಾಡುವ ಬ್ಲೂಟೂತ್ ಮಾನಕವು ಪುಟ್ಟ ಸಂವೇದಕಗಳನ್ನು ಮೊಬೈಲ್ ಫೋನಿಗೆ ಜೋಡಿಸಿತು. ಮೈಮೇಲಿನ ಸಂವೇದಕ, ಕೈಯಲ್ಲಿನ ಫೋನು, ದೂರದ ಕ್ಲೌಡ್, ವೈದ್ಯರ ಪರದೆ ಎಂಬ ನಾಲ್ಕು ಹಂತಗಳ ರಚನೆ ಹೀಗೆ ರೂಢಿಗೆ ಬಂದಿತು.

ಈ ರಚನೆಯಲ್ಲಿ ರೋಗಿಯ ದೇಹದ ಮಾಹಿತಿಯು ಚಿಕಿತ್ಸೆಗೆ ಸಂಬಂಧವಿಲ್ಲದ ಮೂರನೆಯವರ ಯಂತ್ರಗಳಲ್ಲಿ ನೆಲೆಸುತ್ತದೆ. ಸಾಗುವ ದಾರಿಯಲ್ಲಿ ಟಿಎಲ್‌ಎಸ್ ಎಂಬ ನಿಯಮಾವಳಿಯೂ, ಸಂಗ್ರಹವಾದ ಬಳಿಕ 2001ರಲ್ಲಿ ಮಾನಕವಾದ ಎಇಎಸ್ ಎಂಬ ಗೂಢಲಿಪಿಯೂ ದತ್ತಾಂಶವನ್ನು ಕಾಪಾಡುತ್ತವೆಯಾದರೂ, ಗೂಢಲಿಪಿಯನ್ನು ಬಿಡಿಸುವ ಕೀಲಿಯು ಕ್ಲೌಡ್ ಕಂಪನಿಯ ಬಳಿಯೇ ಇದ್ದರೆ ಆ ಕಾಪು ಅಪೂರ್ಣವಾಗಿಯೇ ಉಳಿಯುತ್ತದೆ. ಆದ್ದರಿಂದ ಸಂಶೋಧಕರು, ಒಪ್ಪಿದ ಕೆಲಸವನ್ನು ಸರಿಯಾಗಿಯೇ ಮಾಡುವ ಆದರೆ ಒಳಗಿರುವುದನ್ನು ಇಣುಕಿ ನೋಡಬಯಸುವ ಸೇವಾದಾರನನ್ನು ಕಲ್ಪಿಸಿಕೊಂಡು ಪರಿಹಾರಗಳನ್ನು ಹುಡುಕಿದರು. ಅಮಿತ್ ಸಹಾಯ್ ಮತ್ತು ಬ್ರೆಂಟ್ ವಾಟರ್ಸ್ 2005ರಲ್ಲಿ ಬೀಜ ನೆಟ್ಟ ಗುಣಾಧಾರಿತ ಗೂಢಲೇಖನವು ಇವುಗಳಲ್ಲಿ ಮುಖ್ಯವಾದುದು. 2007ರಲ್ಲಿ ಬೆಳೆದ ಅದರ ರೂಪದಲ್ಲಿ, ‘ಹೃದ್ರೋಗ ತಜ್ಞ ಮತ್ತು ಇಂಥ ಆಸ್ಪತ್ರೆಯ ಸಿಬ್ಬಂದಿ’ ಎಂಬಂತಹ ಷರತ್ತನ್ನು ದಾಖಲೆಯೊಳಗೇ ಹೆಣೆಯಲಾಗುತ್ತದೆ. ಆ ಗುಣಗಳುಳ್ಳ ಕೀಲಿಯಿದ್ದವರಿಗೆ ಮಾತ್ರ ಅದು ತೆರೆದುಕೊಳ್ಳುತ್ತದೆ. ಆದರೆ ಕೆಲಸ ಬಿಟ್ಟ ವೈದ್ಯನ ಕೀಲಿಯನ್ನು ರದ್ದುಗೊಳಿಸುವುದು ಇಲ್ಲಿ ತೊಡಕಿನದು, ಮತ್ತು ಪ್ರಜ್ಞೆ ತಪ್ಪಿದ ರೋಗಿಯ ದಾಖಲೆಯನ್ನು ಕೀಲಿಯಿಲ್ಲದ ತುರ್ತು ವೈದ್ಯನಿಗೆ ತೆರೆದುಕೊಡಲು ಬೇರೆಯೇ ಏರ್ಪಾಡು ಬೇಕಾಗುತ್ತದೆ. 2009ರಲ್ಲಿ ಕ್ರೇಗ್ ಜೆಂಟ್ರಿ, ಗೂಢಲಿಪಿಯನ್ನು ಬಿಡಿಸದೆಯೇ ಅದರ ಮೇಲೆ ಯಾವುದೇ ಲೆಕ್ಕ ನಡೆಸುವುದು ತಾತ್ತ್ವಿಕವಾಗಿ ಸಾಧ್ಯವೆಂದು ತೋರಿಸಿದನಾದರೂ, ಅದಕ್ಕೆ ತಗಲುವ ಗಣನೆಯ ಹೊರೆಯಿಂದಾಗಿ ಕ್ಷಣಕ್ಷಣದ ನಿಗಾಕ್ಕೆ ಅದು ಇನ್ನೂ ಸುಲಭವಾಗಿ ಒದಗುವುದಿಲ್ಲ.

ಕ್ಲೌಡ್ ಎಷ್ಟೇ ಭದ್ರವಾಗಿದ್ದರೂ ಸಾಧನದ ತುದಿ ಸಡಿಲವಾಗಿರಬಹುದು. ಒಂದು ಬಗೆಯ ಅಳವಡಿತ ಹೃದಯ ಸಾಧನವನ್ನು ರೇಡಿಯೊ ಸಂಕೇತಗಳಿಂದ ಹೊರಗಿನವರು ನಿಯಂತ್ರಿಸಬಹುದೆಂದು ಅಮೆರಿಕದ ವಿಶ್ವವಿದ್ಯಾಲಯಗಳ ಸಂಶೋಧಕರು 2008ರಲ್ಲಿ ಪ್ರಯೋಗಾಲಯದಲ್ಲಿ ತೋರಿಸಿದರು. 2017ರಲ್ಲಿ ಭದ್ರತಾ ಲೋಪವನ್ನು ಸರಿಪಡಿಸುವ ಸಲುವಾಗಿ ಅಲ್ಲಿನ ಸುಮಾರು 4 ಲಕ್ಷ 65 ಸಾವಿರ ಪೇಸ್‌ಮೇಕರ್‌ಗಳಿಗೆ ಹೊಸ ತಂತ್ರಾಂಶವನ್ನು ಸೂಚಿಸಬೇಕಾಯಿತು.

ಕಾನೂನು ತಂತ್ರಜ್ಞಾನದ ಹಿಂದೆಯೇ ಸಾಗಿತು. ಆರೋಗ್ಯ ಮಾಹಿತಿಯ ರಕ್ಷಣೆಗೆ ಸಂಬಂಧಿಸಿದ ಅಮೆರಿಕದ 1996ರ ಹಿಪಾ ಕಾಯ್ದೆಯ ಅಡಿಯಲ್ಲಿ 2016ರಲ್ಲಿ ಹೊರಬಂದ ಮಾರ್ಗದರ್ಶನವು, ಕೀಲಿಯಿಲ್ಲದೆ ಕೇವಲ ಗೂಢಲಿಪಿಯನ್ನು ಇಟ್ಟುಕೊಂಡ ಕ್ಲೌಡ್ ಕಂಪನಿಯೂ ಹೊಣೆಗಾರನೇ ಎಂದು ಸ್ಪಷ್ಟಪಡಿಸಿತು. ದತ್ತಾಂಶವನ್ನು ಓದಲಾಗದವನೂ ಅದನ್ನು ಕಳೆಯಬಲ್ಲನು ಎಂಬ ತಿಳಿವಳಿಕೆ ಇದರ ಹಿಂದಿದೆ. ಭಾರತದಲ್ಲಿ 2020ರ ಟೆಲಿಮೆಡಿಸಿನ್ ಮಾರ್ಗಸೂಚಿ, 2021ರ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಮತ್ತು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಈ ಚೌಕಟ್ಟನ್ನು ಕಟ್ಟುತ್ತಿವೆ.

ಇಷ್ಟಾದರೂ ರೋಗಿಗೆ ಆಗುವ ಪ್ರಯೋಜನ ತಾನಾಗಿ ಬರುವುದಿಲ್ಲವೆಂಬುದನ್ನು ಹೃದಯ ವೈಫಲ್ಯದ ಎರಡು ಅಧ್ಯಯನಗಳು ತೋರುತ್ತವೆ. ಅಮೆರಿಕದಲ್ಲಿ 1,653 ರೋಗಿಗಳ ಪೈಕಿ ಒಂದು ಗುಂಪು ದಿನವೂ ದೂರವಾಣಿಯ ಸ್ವಯಂಚಾಲಿತ ಧ್ವನಿಗೆ ತೂಕ ಮತ್ತು ಲಕ್ಷಣಗಳನ್ನು ತಿಳಿಸುವಂತೆ ಏರ್ಪಡಿಸಿ, ಇನ್ನೊಂದು ಗುಂಪನ್ನು ಎಂದಿನ ಆರೈಕೆಯಲ್ಲಿ ಉಳಿಸಿದ ಪರೀಕ್ಷೆಯಲ್ಲಿ, 2010ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಆದರೆ ಜರ್ಮನಿಯಲ್ಲಿ 1,571 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಿಗಾಕ್ಕೆ ಒಳಪಟ್ಟವರ ಮರಣ ಪ್ರಮಾಣವು ಪ್ರತಿ 100 ರೋಗಿ-ವರ್ಷಗಳಿಗೆ ಸುಮಾರು 7.9 ಇದ್ದರೆ ಉಳಿದವರಲ್ಲಿ ಅದು 11.3 ಆಗಿತ್ತು. ಎರಡನೆಯದರಲ್ಲಿ ದಿನವಿಡೀ ವೈದ್ಯರೂ ದಾದಿಯರೂ ಇರುವ ಕೇಂದ್ರವೊಂದು ಬಂದ ಅಳತೆಗಳನ್ನು ನೋಡಿ ಕೂಡಲೇ ಸ್ಪಂದಿಸುತ್ತಿತ್ತು.

ಕರ್ನಾಟಕದ ಅನುಭವವೂ ಈ ದಿಕ್ಕಿನಲ್ಲಿಯೇ ಬೆಳೆದಿದೆ. ಈ ಶತಮಾನದ ಆರಂಭದಲ್ಲಿ ಇಸ್ರೊದ ಉಪಗ್ರಹ ಸಂಪರ್ಕವು ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತು. ಇಂದು ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ಜಯದೇವ ಹೃದ್ರೋಗ ಸಂಸ್ಥೆಯಂತಹ ಕೇಂದ್ರಗಳಿಗೆ ಕಳುಹಿಸಿ, ಹೃದಯಾಘಾತವಾಗಿದ್ದರೆ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಸ್ಥಳದಲ್ಲಿಯೇ ಕೊಡುವ ಏರ್ಪಾಡಿದೆ.

ಭದ್ರತೆಗೆ ಗೋಪ್ಯತೆ, ಸಮಗ್ರತೆ, ಲಭ್ಯತೆ ಎಂಬ ಮೂರು ಅಂಗಗಳಿವೆ. ಮಾಹಿತಿ ಸೋರಬಾರದು, ತಿದ್ದುಪಡಿಯಾಗಬಾರದು, ಬೇಕಾದಾಗ ಸಿಗದೆ ಹೋಗಬಾರದು. ಈ ಕ್ಷೇತ್ರದ ಗಣಿತವು ಹೆಚ್ಚಾಗಿ ಗೋಪ್ಯತೆಯ ಸುತ್ತಲೇ ಬೆಳೆದಿದೆ. ಆದರೆ 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್‌ನ ಸರ್ವರ್‌ಗಳು ಸುಲಿಗೆ ತಂತ್ರಾಂಶಕ್ಕೆ ತುತ್ತಾಗಿ ಆಸ್ಪತ್ರೆಯ ಕೆಲಸ ಹಲವು ದಿನ ಕಾಗದದ ಮೇಲೆ ನಡೆದಾಗ ಪೆಟ್ಟು ಬಿದ್ದದ್ದು ಲಭ್ಯತೆಗೆ. ಮನೆಯಲ್ಲಿರುವ ರೋಗಿಯ ಮಟ್ಟಿಗೆ ಸೋರಿದ ದಾಖಲೆ ಅವಮಾನವನ್ನೂ ನಷ್ಟವನ್ನೂ ತರಬಹುದು, ಆದರೆ ತಲುಪದ ಎಚ್ಚರಿಕೆ ಪ್ರಾಣವನ್ನೇ ತೆಗೆಯಬಹುದು. ಆದ್ದರಿಂದ ಜಾಲ ಕಡಿದಾಗ ರೋಗಿಯ ಬಳಿಯ ಸಾಧನವೇ ಅಪಾಯವನ್ನು ಗುರುತಿಸುವುದು ಹೇಗೆ, ಎಚ್ಚರಿಕೆ ಬಂದಾಗ ಸ್ಪಂದಿಸುವ ಹೊಣೆ ಯಾರದು ಎಂಬುದನ್ನು ಕೀಲಿಗಳಷ್ಟೇ ಎಚ್ಚರದಿಂದ ನಿಗದಿಪಡಿಸಿದ ವ್ಯವಸ್ಥೆಯನ್ನು ಮಾತ್ರ ಸುರಕ್ಷಿತ ಎನ್ನಬಹುದು.